ಅನುಮತಿ ಇದ್ದಷ್ಟು ದೂರ

ಮೊದಲು ಅದನ್ನು ಖಾಲಿ ಮಾಡಿದೆ.
ಅಕ್ಕನ ಹಳೆಯ ಫೋನು, ಗಾಜಿನ ಮೂಲೆಯಲ್ಲಿ
ಜೇಡ ನೇಯ್ದಂಥ ಬಿರುಕು.
ಅವಳ ರೋಸಿನ ರಾತ್ರಿಯ ಸಾವಿರ ಫೋಟೊ,
ಯಾರೋ ಕಳಿಸಿದ ಶುಭೋದಯದ ಗುಲಾಬಿಗಳು,
ಎಲ್ಲ ಹೋದವು. ಸಿಮ್ಮನ್ನೂ ಕಿತ್ತೆ.
ಊರವರ ಬಾಗಿಲು ತಟ್ಟಿ ನೋಡಲು ಹೊರಟವಳ ಕಿಸೆಯಲ್ಲಿ
ಸ್ವಂತ ಮನೆಯ ಕೀಲಿ ಇರಬಾರದು.

ಎರಡನೆಯ ರಾತ್ರಿ ಅದರ ಬೀಗ ಬಿಚ್ಚಿದೆ.
ಪರದೆ ಕಪ್ಪಾಗಿ, ಹಳದಿ ಅಕ್ಷರ ಮೂಡಿ ಹೇಳಿತು:
ಇನ್ನು ಮುಂದೆ ಆದದ್ದಕ್ಕೆ ನಾವು ಹೊಣೆಯಲ್ಲ.
ಹೌದೆಂದು ಒತ್ತಿದೆ. ಗೇಣುದ್ದದ ಯಂತ್ರ
ಅರ್ಧ ತಾಸು ಉಸಿರೇ ಬಿಡಲಿಲ್ಲ.
ಸತ್ತಿತು ಅಂದುಕೊಂಡು ಗಂಜಿ ಬಸಿದು ಬಂದೆ.
ಬಂದರೆ, ಮಿಣುಕುವ ಒಂದೇ ಗೆರೆ,
ಏನು ಮಾಡಲಿ ಎಂದು ಕೇಳುತ್ತಿತ್ತು.

ಮೂರನೆಯ ರಾತ್ರಿ ಕಿವಿಯ ಹುಡುಕಾಟ.
ಹೆಸರು ಹಿಡಿದು ಕರೆದರಷ್ಟೇ ಓಗೊಡುತ್ತದೆ ಫೋನಿನ ವೈಫೈ;
ಸುತ್ತಲಿನ ಗುಜುಗುಜು ಕೇಳಲು ಬೇರೆಯೇ ಕಿವಿ ಬೇಕು.
ಮೊದಲ ಅಡಾಪ್ಟರು ಒಗ್ಗಲಿಲ್ಲ,
ಎರಡನೆಯದು ಬ್ಯಾಟರಿಯನ್ನು ಗಟಗಟ ಕುಡಿಯಿತು,
ಮೂರನೆಯದನ್ನು ಪವರ್ ಬ್ಯಾಂಕಿನ ಬೆನ್ನಿಗೆ
ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದೆ.
ಆಂಟೆನಾ ಚಾಚಿ ಅಂಗೈಯಲ್ಲಿ ಕೂತಿತು ಏಡಿ.

ಇಷ್ಟಾದರೂ ಕೆಲಸಕ್ಕೆ ಬೇಕಾದದ್ದು ಅದಲ್ಲ,
ಒಂದು ಹಾಳೆ.
ಮಲ್ಪೆ ಬಂದರಿನ ಐಸ್ ಪ್ಲಾಂಟಿನ ಕಾರ್ಯದರ್ಶಿ
ಗೋವಿಂದ ಕುಂದರ್, ಕನ್ನಡಕ ಹಣೆಗೇರಿಸಿ,
ಎರಡು ಸಲ ಓದಿ ಸಹಿ ಹಾಕಿದ ಹಾಳೆ:
ಶುಕ್ರವಾರ, ಹತ್ತರಿಂದ ನಾಲ್ಕು.
ನಮ್ಮ ವೈಫೈ, ತೂಕದ ಯಂತ್ರ, ಕ್ಯಾಮೆರಾ ಪೆಟ್ಟಿಗೆ.
ಇವಿಷ್ಟೇ. ಮೊಹರು ಸ್ವಲ್ಪ ಓರೆ.
"ಇದಿಲ್ಲದೆ ಮಾಡಿದರೆ ಎಂತ ಆಗ್ತದೆ?"
"ಇದೇ ಕೆಲಸ ಸರ್. ಹೆಸರು ಮಾತ್ರ ಬೇರೆ."

ಶುಕ್ರವಾರ. ಧಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಒರಗಿ,
ಐಸು ಪುಡಿಮಾಡುವ ಯಂತ್ರ ಹಲ್ಲು ಕಡಿಯುತ್ತ.
ಕಿವಿ ತೆರೆದೆ. ಬಲೆ ಎಳೆದ ಹಾಗೆ
ಹೆಸರುಗಳು ಎದ್ದು ಬಂದವು, ಬೇಕಾದ್ದು ಬೇಡಾದ್ದು:
ಡೀಸೆಲ್ ಬಂಕು, ಯಾವುದೋ ತಂಡೇಲನ ಹಾಟ್‌ಸ್ಪಾಟು,
ಎದುರಿನ ಹಲ್ಲಿನ ಕ್ಲಿನಿಕ್ಕು.
ಅದಕ್ಕೆ ಬೀಗವೇ ಇಲ್ಲ.
ಬೆರಳು ಅಲ್ಲೇ ನಿಂತಿತು, ಸುಳ್ಳು ಯಾಕೆ,
ಒಂದು ಉಸಿರಿನಷ್ಟು ಹೊತ್ತು ನಿಂತಿತು.
ಹಾಳೆಯಲ್ಲಿ ಆ ಹೆಸರಿಲ್ಲ. ಮುಂದಕ್ಕೆ ಸರಿಸಿದೆ.

ಮಧ್ಯಾಹ್ನಕ್ಕೆ ಫೋನು ಬಾಣಲೆಯಾಯಿತು.
ಒಡಿಶಾದ ಹುಡುಗ ರಂಕನಿಧಿ ಗೋಣಿತಾಟು ಮಡಚಿ
ಐಸುಗಡ್ಡೆಯ ಮೇಲೆ ಹಾಸಿದ:
"ಇಡಿ ಮೇಡಂ. ಮೀನಿಗೂ ಇದೇ ಮದ್ದು."
ನೀರು ತಾಗೀತೆಂದು ಹೆದರಿ
ಅನುಮತಿ ಪತ್ರದಲ್ಲೇ ಗಾಳಿ ಬೀಸಿದೆ.

ಬೀಗ ಗಟ್ಟಿಯೇ. ಮೂರು ತಾಸು ಅಲುಗಿಸಿದರೂ ಅಲುಗಲಿಲ್ಲ.
ಕುಂದರರ ಮುಖದಲ್ಲಿ ಗೆದ್ದ ನಗೆ.
ಆ ನಗೆಯ ಹಿಂದೆ, ಗೋಡೆಯಲ್ಲಿ, ಕಪ್ಪು ಹಲಗೆ:
ಗಡ್ಡೆಯ ದರ. ಪುಡಿಯಾದರೆ ಹತ್ತು ಹೆಚ್ಚು.
ಸಾಲ ಕೇಳಬೇಡಿ.
ಅದರ ಕೆಳಗೆ, ಅದೇ ದುಂಡು ಕೈಬರಹದಲ್ಲಿ,
ಪಾಸ್‌ವರ್ಡು. (ಇಲ್ಲಿ ಬರೆಯುವುದಿಲ್ಲ.)

"ಬೋಟಿನವರು ದಿನಾ ಕೇಳ್ತಾರೆ ಮಾರಾಯ್ತಿ,
ಹೇಳಿ ಹೇಳಿ ಸಾಕಾಯ್ತು."

ಒಳಗೆ ಹೋದೆ. ತೂಕದ ಯಂತ್ರಕ್ಕೆ
ಅಂಗಡಿಯಿಂದ ಬಂದ ದಿನದ್ದೇ ಒಂದು ಎರಡು ಮೂರು ನಾಲ್ಕು.
ಕ್ಯಾಮೆರಾ ತೆರೆಯಿತು: ಬಿಳಿ ಹೊಗೆಯ ನಡುವೆ
ಬೆನ್ನು ಹಾಕಿ ನಿಂತ ಒಬ್ಬ ಹೆಂಗಸು,
ಕೈಯಲ್ಲಿ ಏನೋ ಹೊಳೆಯುತ್ತ.
ನಾನೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು.

ನಾಲ್ಕಕ್ಕೆ ಎಂಟು ನಿಮಿಷ ಇರುವಾಗ ಎಲ್ಲ ಮುಚ್ಚಿದೆ.
ರಸ್ತೆ ದಾಟಿ ಕ್ಲಿನಿಕ್ಕಿನ ಹುಡುಗಿಗೆ ಹೇಳಿದೆ.
"ನೀವು ಒಳಗೆ ನೋಡಿದಿರಾ?"
"ಇಲ್ಲ. ಹೊರಗಿಂದ ಕಾಣಿಸಿತು."
ನಂಬಲಿಲ್ಲ ಅವಳು. ನಂಬಬೇಕೆಂದೇನೂ ಇಲ್ಲ.

ವರದಿಯ ಮೊದಲ ಸಾಲು: ಸೀಮೆಸುಣ್ಣ.

ಚೀಲ ಹೆಗಲಿಗೇರಿಸುವಾಗ
ರಂಕನಿಧಿ ಒದ್ದೆ ಗೋಣಿಯಿಂದ ಹಲಗೆ ಒರೆಸುತ್ತಿದ್ದ.
ಕಪ್ಪು ಮಿರಮಿರ ಮಿಂಚಿತು, ಒಂದಕ್ಷರವೂ ಇಲ್ಲ.
ಕಡಲ ಗಾಳಿಗೆ ಒಣಗುತ್ತ ಬಂದಂತೆ
ಸಣ್ಣಗೆ, ಮೂಲೆಯಿಂದ,
ಮತ್ತೆ ಬೆಳ್ಳಗಾಗತೊಡಗಿತು.